ಘನತೆಯ ಕಲಮು

ಬಕೆಟ್ಟಿನೊಳಗೆ ಕುರ್ಚಿ ಇಟ್ಟಿದ್ದರು. ಮದುವೆ ಮನೆಗಳಿಗೆ ಬಾಡಿಗೆಗೆ ಹೋಗುವಂಥ ಕೆಂಪು ಪ್ಲಾಸ್ಟಿಕ್ ಕುರ್ಚಿ. ಬೆನ್ನ ಮೇಲೆ ತಾಳಿಕೋಟೆಯ ಯಾವುದೋ ಶಾಮಿಯಾನದವರ ಹೆಸರು ಅರ್ಧ ಅಳಿಸಿಹೋಗಿತ್ತು. ಬಕೆಟ್ಟು ಮಾತ್ರ ಅದೇ ಹಳೆಯದು, ಬಾವಿಯ ತಳದಿಂದ ಒಡೆದ ಕಲ್ಲು ಹೊತ್ತು ಹೊತ್ತು ಅಂಚು ಜಜ್ಜಿಹೋದ, ಮೈತುಂಬ ತಗ್ಗು ಬಿದ್ದ ಕಬ್ಬಿಣದ ದೊಡ್ಡ ಕೊಳಗ. ಅದರ ಒಳಮೈಗೆ ಸುಣ್ಣ ಹೊಡೆದು, ತಳಕ್ಕೆ ನಾರಿನ ಚಾಪೆ ಹಾಸಿ, ಚಾಪೆಯ ಮೇಲೆ ಕುರ್ಚಿ ಇಟ್ಟು, ಕ್ರೇನಿನ ಕೊಕ್ಕೆಗೆ ಸಿಗಿಸಿ, ನೆಲದಿಂದ ಗೇಣು ಎತ್ತರದಲ್ಲಿ ತೂಗಬಿಟ್ಟಿದ್ದರು. ಬಿಸಿಲಿಗೆ ಸುಣ್ಣ ಕಣ್ಣು ಕುಕ್ಕುತ್ತಿತ್ತು. ಇಲಾಖೆಯ ಸಹಾಯಕ ಇಂಜಿನಿಯರ್ ಅನಿಲಕುಮಾರ ಎದೆಗೆ ಫೈಲು ಅವಚಿಕೊಂಡು ಅದನ್ನು ನೋಡಿದ. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಅರ್ಥವಾಗದವನ ಹಾಗೆ ಇನ್ನೂ ಸ್ವಲ್ಪ ಹೊತ್ತು ನಿಂತ. ನೌಕರಿಗೆ ಸೇರಿದಂದಿನಿಂದ ಅವನು ಚೆನ್ನಾಗಿ ಕಲಿತ ವಿದ್ಯೆಗಳಲ್ಲಿ ಇದೂ ಒಂದು.

"ನಿಮ್ಮ ಕಲಮಿನ ಪ್ರಕಾರನ ಮಾಡಿಸೇನ್ರಿ ಸಾಹೇಬ್ರ," ಎಂದ ಬಾಪುಗೌಡ. ಗುತ್ತಿಗೆದಾರರ ಸೂಪರ್‌ವೈಜರ್ ಅವನು. ಬಿಳಿ ಅಂಗಿಯ ಮೇಲೆ ಕಲ್ಲಿನ ಪುಡಿ ಕೂತರೂ ಇಸ್ತ್ರಿ ಮುರಿಯದ ಮನುಷ್ಯ. ಕೈಯಲ್ಲಿದ್ದ ಟೆಂಡರ್ ಪುಸ್ತಕದಲ್ಲಿ ಬೆರಳಿಟ್ಟು ಓದಿದ: "ಹದಿನಾಲ್ಕನೇ ಕಲಮು. 'ಮಾನವ ಘನತೆಗೆ ಕಿಂಚಿತ್ತೂ ಕುಂದುಂಟಾಗದಂತೆ ಶ್ರಮಿಕರನ್ನು ಭೂಗರ್ಭಕ್ಕೆ ಇಳಿಸತಕ್ಕದ್ದು.' ಭೂಗರ್ಭ ಅಂದ್ರ ಬಾವಿ ಅಂತ ನಾನ ತಿಳಕೊಂಡೆ. ಕಿಂಚಿತ್ತೂ ಅಂದ್ರ ಏನಂತ ನಮ್ಮ ಹುಡುಗನ ಸಾಲಿ ಮಾಸ್ತರನ್ನ ಕೇಳಿದೆ. ಇನ್ನ ಘನತೆ. ಅದಕ್ಕ ಯಾರನ್ನೂ ಕೇಳಲಿಲ್ಲ. ನಮ್ಮ ಕಡೆ ಯಾರಿಗೆ ಕುರ್ಚಿ ಹಾಕ್ತಾರ, ಅವಗ ಘನತೆ ಐತಿ ಅಂತ ಲೆಕ್ಕ. ಹೌದಲ್ರಿ?"

ಹೌದು. ಅದೇ ತೊಂದರೆ. ಹೂವಿನ ಹಿಪ್ಪರಗಿಯಲ್ಲಿ ಅನಿಲಕುಮಾರನ ಅಪ್ಪ ದೊಡ್ಡವರ ಮನೆಯ ಕಟ್ಟೆಯ ಕೆಳಗೆ, ಟವೆಲು ಹಾಸದೆ, ಬರೀ ನೆಲದ ಮೇಲೆ ಕೂತು ಎದ್ದು ಕೂತು ಎದ್ದು ಸತ್ತಿದ್ದ. ಕಾಲೇಜು ಮುಗಿಸಿ ಬಂದ ವರ್ಷ ಅನಿಲಕುಮಾರ ಬರೆದ ಮೊದಲ ಕರಪತ್ರವೇ ಕುರ್ಚಿಯ ಕುರಿತದ್ದು: ಪಂಚಾಯ್ತಿಯಲ್ಲಿ ನಮ್ಮ ಕೇರಿಯಿಂದ ಆರಿಸಿ ಬಂದವಳನ್ನು ನೆಲಕ್ಕೆ ಕೂಡಿಸುವ ನಿಮ್ಮ ಕುರ್ಚಿಗಳಿಗೆ ಹುಳ ಹಿಡಿಯಲಿ ಎಂದು ಶುರುವಾಗಿ, ಎರಡು ಪುಟ ಅದೇ ಕಾವಿನಲ್ಲಿ ಓಡಿ, ಕುರ್ಚಿಯೆಂದರೆ ಮನುಷ್ಯನೆಂದು ಒಪ್ಪಿಕೊಳ್ಳುವುದು ಎಂದು ಮುಗಿದಿತ್ತು. ಸಿಂದಗಿಯಲ್ಲಿ ಅದನ್ನು ಗೋಡೆಗೆ ಅಂಟಿಸಿದ್ದರು. ಈಗ ಈ ಇಸ್ತ್ರಿ ಅಂಗಿಯವನು, ಆ ಕರಪತ್ರ ಓದಿರಲಿಕ್ಕಿಲ್ಲ, ಆದರೂ ಅದನ್ನು ಅಕ್ಷರಶಃ ಜಾರಿಗೆ ತಂದು ಕೊಕ್ಕೆಗೆ ನೇತುಹಾಕಿದ್ದ. ಕ್ರಾಂತಿ ಬಂದರೆ ಹೀಗೆ ಬರುತ್ತದೆ, ಬಾಡಿಗೆ ಕುರ್ಚಿಯ ಮೇಲೆ, ಎಂದುಕೊಂಡ ಅನಿಲಕುಮಾರನಿಗೆ ನಗು ಬಂತು; ನಕ್ಕರೆ ಒಪ್ಪಿದ ಹಾಗಾಗುತ್ತದೆಂದು ಕೆಮ್ಮಿದ.

"ಇಲ್ಲಿ ಒಂದ ಸಹಿ ಹಾಕಿಬಿಡ್ರಿ," ಬಾಪುಗೌಡ ಬಕೆಟ್ಟಿನ ಯೋಗ್ಯತಾಪತ್ರ ಮುಂದೆ ಹಿಡಿದ. "ನಾಳಿಯಿಂದ ಮೂರೂ ಪಾಳಿ ಇಳಸ್ತೇವಿ. ಹೊಳಿಗಿ ನೀರು ಬರೂದರೊಳಗ ತಳ ಮುಟ್ಟಬೇಕು."

ಹೊಳೆಗೆ ನೀರು ಬರುವುದಕ್ಕೆ ತಿಂಗಳೂ ಇರಲಿಲ್ಲ. ನಾಲತವಾಡದ ಆಚೆ, ಕೃಷ್ಣೆಯ ದಂಡೆಗೆ, ಏತ ನೀರಾವರಿಗಾಗಿ ತೋಡುತ್ತಿದ್ದ ಬಾವಿ ಇದು: ಹೊಳೆಯ ನೀರು ಮೊದಲು ಇದರೊಳಗೆ ಬಂದು ಬೀಳಬೇಕು, ಇಲ್ಲಿಂದ ಪಂಪುಗಳು ಅದನ್ನು ಬಸವನ ಬಾಗೇವಾಡಿಯ ಕಡೆಯ ಎತ್ತರದ ಹೊಲಗಳಿಗೆ ದೂಡಬೇಕು. ಬಾವಿಯೆಂಬುದು ಬಾಯಿಮಾತಿನ ಹೆಸರು. ನಿಜಕ್ಕೂ ಅದು ಓಣಿಗೆ ಓಣಿಯನ್ನೇ ನುಂಗಬಲ್ಲ ದುಂಡನೆಯ ಕಲ್ಲಿನ ಗುಂಡಿ. ಇಳಿಯಲು ಏಣಿ ಇರಲಿಲ್ಲ. ಕಲ್ಲು ಮೇಲೆ ಬರುವ ಬಕೆಟ್ಟಿನಲ್ಲೇ ಜನ ಕೆಳಗೆ ಹೋಗುತ್ತಿದ್ದರು, ಅದರಲ್ಲೇ ಬರುತ್ತಿದ್ದರು. ಇದು ಈ ಗುತ್ತಿಗೆದಾರನ ಶೋಧವಲ್ಲ. ಅನಿಲಕುಮಾರ ಕಂಡ ಎಲ್ಲ ಕೆಲಸಗಳಲ್ಲೂ ಹೀಗೇ. ಅದನ್ನು ನಿಲ್ಲಿಸಬೇಕೆಂದೇ ಅವನು ಹದಿನಾಲ್ಕನೇ ಕಲಮು ಬರೆದದ್ದು.

ಫೈಲು ತೆರೆದು ಹುಡುಕುತ್ತಿರುವವನಂತೆ ಹಾಳೆ ತಿರುವಿದ. ಕ್ರೇನಿನ ಕ್ಯಾಬಿನ್ನಿನಿಂದ ಅಬ್ದುಲರಜಾಕ ಇಳಿದು ಬಂದು, ಕಿವಿಯೊಳಗಿನ ಅರಳೆ ತೆಗೆದು, ಪಕ್ಕದಲ್ಲಿ ನಿಂತ. ತಾಳಿಕೋಟೆಯವನು, ಈ ಯಂತ್ರ ನಡೆಸಿಯೇ ಗಡ್ಡ ಬೆಳ್ಳಗಾದವನು. ಕೇಳದೆ ಮಾತಾಡುವ ಸ್ವಭಾವವಲ್ಲ. ಕೇಳಿದರೂ ಬಾಪುಗೌಡನ ಕಡೆ ಒಮ್ಮೆ ನೋಡಿಯೇ ಮಾತಾಡುತ್ತಿದ್ದ.

"ಬ್ರೇಕು ಹೆಂಗದ, ಚಾಚಾ?"

"ಕಲ್ಲಿಗೆ ಸಾಕ್ರಿ," ಎಂದ ಅಬ್ದುಲರಜಾಕ. "ಒಮ್ಮೊಮ್ಮಿ ಜಾರತೈತಿ, ಮತ್ತ ಹಿಡೀತೈತಿ. ಕಲ್ಲು ಏನೂ ಅನ್ನಂಗಿಲ್ಲ."

"ಮಂದಿ?"

"ಮಂದಿ ಅಂತಾರ್ರಿ. ಆದ್ರ ಅಷ್ಟು ಆಳದಿಂದ ಕೇಳಸಂಗಿಲ್ಲ." ಅರಳೆಯನ್ನು ಬೆರಳಲ್ಲಿ ಹೊಸೆದ. "ಮೊನ್ನಿ ಒಬ್ಬ ಅಂಚು ಹಿಡದು ನಿಂತಿದ್ದ. ಬಕೆಟ್ಟು ತಿರಗಿ ಬಂಡಿಗಲ್ಲಿಗೆ ಬಡೀತು. ಬೆರಳು ಹೋದುವು."

"ಅದಕ್ಕ ಕುರ್ಚಿ," ಎಂದ ಬಾಪುಗೌಡ ಸಮಾಧಾನದಿಂದ. "ಕುಂತವ ಅಂಚು ಹಿಡಿಯಂಗಿಲ್ಲ."

ಅನಿಲಕುಮಾರ ಸಹಿ ಮಾಡಲಾಗುವುದಿಲ್ಲ ಎಂದ. ದನಿ ತಾನೆಣಿಸಿದ್ದಕ್ಕಿಂತ ಸಣ್ಣದಾಗಿ ಬಂತು. ಬಾಪುಗೌಡ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಬದುಕು ಸುಲಭವಿತ್ತು. ಸಿಟ್ಟಿಗೆ ಸಿಟ್ಟು ಕೊಡುವುದು ಅನಿಲಕುಮಾರನಿಗೆ ಗೊತ್ತಿತ್ತು. "ಯಾವ ಕಲಮಿಗೆ ತಪ್ಪೈತಿ ಹೇಳ್ರಿ ಸಾಹೇಬ್ರ. ನಂಬರ್ ಹಾಕಿ ಬರದು ಕೊಡ್ರಿ. ಈಗಿಂದೀಗ ತಿದ್ದತೇವಿ." ನ್ಯಾಯವಾದ ಮಾತು. ತನ್ನ ವೈರಿಗಳು ನ್ಯಾಯವಾಗಿ ಮಾತಾಡತೊಡಗಿದರೆ ಏನು ಮಾಡಬೇಕೆಂದು ಸಿಂದಗಿಯ ಅವನ ಓದುಬಳಗವೂ ಕಲಿಸಿರಲಿಲ್ಲ.

ಕಲಮು ಇರಲಿಲ್ಲ. ಅವನೇ ಬರೆದ ಪುಸ್ತಕ, ಅವನಿಗೇ ಗೊತ್ತಿತ್ತು. ಕಲ್ಲೆತ್ತುವ ಯಂತ್ರದ ಭಾಗ ಇಂಗ್ಲಿಷಿನಲ್ಲಿತ್ತು, ಅದನ್ನೂ ಬರೆದವನು ಅವನೇ. ಅಲ್ಲಿ ತಂತಿಹಗ್ಗದ ದಪ್ಪ ಇಷ್ಟು, ಅದರೊಳಗಿನ ಎಳೆ ಇಷ್ಟು, ಕೊಕ್ಕೆಯ ಬಾಯಿ ಇಷ್ಟು, ಗಾಲಿಯ ಸವೆತ ಇಷ್ಟಕ್ಕಿಂತ ಮೇಲಾದರೆ ಬದಲಿಸತಕ್ಕದ್ದು, ಎಲ್ಲ ಕೂದಲು ಸೀಳಿದ ಹಾಗೆ. ಹಳೆಯ ಕೆಲಸಗಳ ಕಾಗದದಿಂದ ನಕಲು ಮಾಡುವ ಪದ್ಧತಿ ಇಲಾಖೆಯಲ್ಲಿತ್ತು. ಆ ಕಾಗದಗಳ ತುಂಬ 'ಸೂಕ್ತ', 'ಸಾಕಷ್ಟು', 'ಅಗತ್ಯಕ್ಕೆ ತಕ್ಕಂತೆ' ಎಂಬ ಮಾತುಗಳು ತಿಗಣೆಯ ಹಾಗೆ ಸೇರಿಕೊಂಡಿದ್ದವು. ಅನಿಲಕುಮಾರ ಅವನ್ನೆಲ್ಲ ಕೆಂಪು ಪೆನ್ಸಿಲ್ಲಿನಿಂದ ಒಂದೊಂದಾಗಿ ಕುಕ್ಕಿ ಕೊಂದಿದ್ದ. ಸೂಕ್ತ ಎಂಬುದು ಕಳ್ಳನ ಕಿಸೆ, ಯಾರ ಕೈ ಬೇಕಾದರೂ ಹಿಡಿಸುತ್ತದೆ ಎಂದು ಬಳಗದಲ್ಲಿ ಭಾಷಣವನ್ನೂ ಮಾಡಿದ್ದ. ಆಮೇಲೆ ಮೇಲಿನಿಂದ ಆದೇಶ ಬಂತು, ಕೆಲಸದ ಸ್ಥಳದ ನಿಯಮಗಳು ಕನ್ನಡದಲ್ಲಿರಲಿ ಎಂದು. ಮೇಲಧಿಕಾರಿ ಶ್ರೀಶೈಲಪ್ಪ ಅವನನ್ನು ಕರೆದು, ಕುಳಿತುಕೊಳ್ಳಲು ಹೇಳಿ, ಚಹಾ ತರಿಸಿ, "ನೀವು ಸಾಹಿತಿಗಳು ಅದೀರಿ. ಇದನ್ನ ನೀವ ಬರೀಬೇಕು. ನಮ್ಮ ಕೈಯಾಗ ಕನ್ನಡ ಅಂದ್ರ ರಜಾಚೀಟಿ ಬರಿಯೂ ಮಟ ಅಷ್ಟ," ಎಂದಿದ್ದರು. ಆ ಮಾತಿನಲ್ಲಿ ಹೊಗಳಿಕೆ ಎಷ್ಟು, ಕೊಂಕು ಎಷ್ಟು ಎಂದು ಅಳೆಯುತ್ತಲೇ ಚಹಾ ಆರಿಹೋಗಿತ್ತು. ಮನೆಗೆ ಹೋಗಿ ಬರೆಯಲು ಕೂತರೆ ಮೈಯಲ್ಲಿ ಏನೋ ಏರಿ ಬಂತು. ಇಂಗ್ಲಿಷಿನಲ್ಲಿ ಅವನು ಇಂಜಿನಿಯರ್, ಕನ್ನಡದಲ್ಲಿ ಕ್ರಾಂತಿಕಾರಿ. ಕಬ್ಬಿಣಕ್ಕೆ ಅಳತೆ ಕೊಟ್ಟಿದ್ದ. ಮನುಷ್ಯರಿಗೆ ಘನತೆ ಕೊಟ್ಟ.

ಬರೆದದ್ದಷ್ಟೇ ಅಲ್ಲ, ಅದನ್ನು ಓದಿಯೂ ಇದ್ದ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಿಂದಗಿಯ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ, ರವಿವಾರ, ಓದುಬಳಗದ ಎಲ್ಲರೂ ಸೇರಿದಾಗ, ಒಬ್ಬ ಕವನ ಓದಿದ, ಇನ್ನೊಬ್ಬ ಕಥೆ ಓದಿದ, ಅನಿಲಕುಮಾರ ಟೆಂಡರಿನ ಕಲಮು ಓದಿದ. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ಆ ಉಸಿರಿನ ತಾಳಕ್ಕೆ ಅವನ ವಾಕ್ಯ ಹೊಂದಿಕೊಂಡಿತ್ತು. ಬಳಗದ ಹಿರಿಯರಾದ ಮಲ್ಲಣ್ಣ ಮಾಸ್ತರರು ಯಾವ ವಾಕ್ಯ ಓದಿದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಈ ವಾಕ್ಯ ಯಾರ ಕಡೆ ನಿಂತೈತಿ?" ಅಂದು ಅವರು ಕಣ್ಣುಮುಚ್ಚಿ ಕೇಳಿ, "ಸರಕಾರಿ ಕಾಗದದೊಳಗ ಮೊದಲ ಸಲ ಒಂದು ವಾಕ್ಯ ನಮ್ಮ ಕಡೆ ನಿಂತೈತಿ," ಎಂದರು.  ಆಮೇಲೆ ಚರ್ಚೆ. 'ಕಾರ್ಮಿಕ' ಬೇಡ 'ಶ್ರಮಿಕ' ಇರಲಿ ಎಂದರು. 'ಕುಂದು' ಸಾಕೇ, 'ಧಕ್ಕೆ' ಬೇಕೇ ಎಂದು ಜಗಳಾಡಿದರು. 'ಬಾವಿ' ಎಂದರೆ ತೀರಾ ಸಣ್ಣದು, 'ಭೂಗರ್ಭ' ಎಂದಾಗ ಶತಮಾನಗಳ ಕತ್ತಲು ಬರುತ್ತದೆ ಎಂದು ಒಬ್ಬ ಹೇಳಿದ, ಎಲ್ಲರೂ ತಲೆದೂಗಿದರು, ಅನಿಲಕುಮಾರ 'ಬಾವಿ' ಹೊಡೆದುಹಾಕಿ 'ಭೂಗರ್ಭ' ಬರೆದುಕೊಂಡ. ಮನುಷ್ಯ ಯಾವುದರೊಳಗೆ ಕಾಲಿಟ್ಟು ಇಳಿಯುತ್ತಾನೆ ಎಂದು ಮಾತ್ರ ಒಬ್ಬನೂ ಕೇಳಲಿಲ್ಲ. ವಾಕ್ಯ ಎಲ್ಲರ ಕಡೆಯೂ ನಿಂತಿತ್ತು, ಬಾವಿಯ ಕಡೆ ಬೆನ್ನು ಮಾಡಿ.

"ಹಂಗ್ಯಾಕ, ನೀವ ಒಮ್ಮಿ ಕುಂತು ನೋಡ್ರಿ," ಎನ್ನುತ್ತಿದ್ದ ಬಾಪುಗೌಡ. "ನೀವು ಬರದ ಘನತೆ ನಿಮಗ ಹೊಂದತೈತಿಲ್ಲೋ ಗೊತ್ತಾಗತೈತಿ. ಇಲ್ಲಾ ಅಂಜಿಕಿ ಇದ್ರ ಬ್ಯಾಡ್ರಿ. ಸಾಹೇಬರನ್ನ ಒತ್ತಾಯ ಮಾಡಬಾರದು."

ಕಲ್ಲಿನ ಗುಡ್ಡೆಯ ಮೇಲೆ ಮುಂದಿನ ಪಾಳಿಯವರು ಕೂತಿದ್ದರು. ಅವರು ಇವನನ್ನೇ ನೋಡುತ್ತಿದ್ದರು. ಮೇಲೆ ಕೂತು ಬರೆಯುವವರೇ, ನಮ್ಮ ಕತ್ತಲೆಗೆ ಒಮ್ಮೆ ಇಳಿದು ಬನ್ನಿ ಎಂಬ ಸಾಲು ತಾನು ಎಲ್ಲಿ ಬರೆದಿದ್ದೆ, ಎರಡನೆಯ ಕರಪತ್ರದಲ್ಲೋ ಮೂರನೆಯದರಲ್ಲೋ, ಎಂದು ಯೋಚಿಸುತ್ತ ಅನಿಲಕುಮಾರ ಬಕೆಟ್ಟಿನ ಅಂಚಿಗೆ ಕಾಲು ಹಾಕಿದ. ಪ್ಯಾಂಟು ತೊಡೆಯ ಹತ್ತಿರ ಪರ್ರೆಂದಿತು. ಕುರ್ಚಿಯ ಮೇಲೆ ಕೂರಬಾರದು, ನಿಂತೇ ಇಳಿಯಬೇಕು ಎಂದು ನಿರ್ಧರಿಸಿದ್ದ. ಬಕೆಟ್ಟು ಬಾವಿಯ ಮೇಲೆ ಬಂದು ಒಮ್ಮೆ ತೂಗಿದ ಕೂಡಲೇ ಕೂತುಬಿಟ್ಟ. ಅವನ ಸಿದ್ಧಾಂತದ ಆಯುಷ್ಯ ಅಷ್ಟೇ. ದಂಡೆಯ ಮೇಲಿನ ಮುಖಗಳು ಮೇಲೆ ಹೋದವು, ಆಕಾಶ ತಟ್ಟೆಯಷ್ಟಾಯಿತು. ಬಂಡೆಯ ಗೋಡೆ ಬೆವರುತ್ತಿತ್ತು, ಹತ್ತಿರ ಬಂದು ದೂರ ಸರಿಯುತ್ತಿತ್ತು, ಏಕೆಂದರೆ ಬಕೆಟ್ಟು ಮೆಲ್ಲಗೆ ತಿರುಗುತ್ತಿತ್ತು, ಮತ್ತು ನಾರಿನ ಚಾಪೆಯ ಮೇಲೆ ಕುರ್ಚಿಯ ಕಾಲು ಒಂದೊಂದು ಸುತ್ತಿಗೆ ಒಂದಿಷ್ಟು ಜಾರುತ್ತಿತ್ತು. ಕೈ ಹಿಡಿಯಲು ಅಂಚು ಬಿಟ್ಟರೆ ಬೇರೆ ಏನೂ ಇಲ್ಲ. ಬೆರಳು ಹೋದುವು. ಫೈಲು ಕಂಕುಳಲ್ಲಿ ಅವಚಿ, ಕೈಗಳನ್ನು ತೊಡೆಯ ಸಂದಿಗೆ ತೂರಿಸಿ, ಇಂಡಿ ಊರಿನ ಆಫೀಸಿನಲ್ಲಿದ್ದಾಗ ಒಮ್ಮೆ ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ನಿಂಬೆಹಣ್ಣಿನ ಚೀಲಗಳ ನಡುವೆ ಹೀಗೇ ಮುದುಡಿ ಕೂತಿದ್ದು, ಮುಂದಿನ ಸೀಟು ಖಾಲಿಯಿದ್ದರೂ ಯಾರೂ ಕರೆಯದ್ದು, ತಾನೂ ಕೇಳದ್ದು ನೆನಪಾಗುತ್ತಿರುವಾಗಲೇ ಬ್ರೇಕು ಜಾರಿತು.

ಎಷ್ಟು ಜಾರಿತೋ, ಒಂದು ಮಾರು ಇರಬಹುದು.  ಮತ್ತೆ ಹಿಡಿಯಿತು. ಹಗ್ಗ ಕಿರುಗುಟ್ಟಿತು. ಆ ಗಳಿಗೆಯಲ್ಲಿ ಅವನ ಬಾಯಿಂದ ಬಂದದ್ದು ಘನತೆಯಲ್ಲ, ಶೋಷಣೆಯಲ್ಲ, ಮಾಳಿಗೆಯ ಮೇಲೆ ಕಲಿತ ಒಂದು ಶಬ್ದವೂ ಅಲ್ಲ. "ಯವ್ವಾ" ಎಂಬ ಕೂಗು, ಬಾವಿಯ ಗೋಡೆ ಅದನ್ನು ದುಂಡಗೆ ಸುತ್ತಿಸಿ ಎಲ್ಲರಿಗೂ ಕೇಳಿಸಿತು. ಅವ್ವ ಗುಂಡವ್ವ ರಸ್ತೆಗೆ ಜಲ್ಲಿ ಒಡೆಯುತ್ತಿದ್ದವಳು. ಬೆಳಿಗ್ಗೆ ಗುಂಪು ಕೆಲಸಕ್ಕೆ ಕೂಡುವ ಮುಂಚೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: ಕೈ ಜ್ವಾಕಿ. ಅವಳ ಇಡೀ ಪ್ರಣಾಳಿಕೆ ಅಷ್ಟು.

ತಳದಲ್ಲಿ ಬಕೆಟ್ಟು ಕುಕ್ಕರಿಸಿ ನಿಂತಾಗ ಕಲ್ಲು ತುಂಬುವ ಗುಂಪು ಕೆಲಸ ಬಿಟ್ಟು ಸುತ್ತ ನಿಂತಿತ್ತು. ಮೂಲೆಯಲ್ಲಿ ಒರತೆ ನೀರು ಹೀರುವ ಸಣ್ಣ ಪಂಪು ಗೊಗ್ಗರು ದನಿಯಲ್ಲಿ ಒದರುತ್ತಿತ್ತು. ಗುಂಪಿನ ಹಿರಿಯಳಾದ ಚನ್ನವ್ವ ತಲೆಯ ಸಿಂಬಿ ತೆಗೆದು, ಕುರ್ಚಿಯನ್ನು ನೋಡಿ, ಕುರ್ಚಿಯ ಮೇಲಿನವನನ್ನು ನೋಡಿ, "ಇದೇನು, ಬೀಗರು ಬಂದಾರ?" ಎಂದಳು. ಎಲ್ಲರೂ ನಕ್ಕರು.

"ನಾ ಇಂಜಿನಿಯರ್ ಅದೀನ್ರಿ," ಎಂದು ಅನಿಲಕುಮಾರ ಇಳಿದ. 

"ಯವ್ವಾ ಅಂದವರು ನೀವನ?"

"ಹೌದ್ರಿ."

"ಎಲ್ಲಾರೂ ಅಂತಾರ ಬಿಡ್ರಿ. ನಾ ಮೊದಲ ದಿನ ಒದರಿದ್ದು ಮುದ್ದೇಬಿಹಾಳಕ್ಕ ಕೇಳಿರಬೇಕು."

"ನಿಮಗೂ ಕುರ್ಚಿ ಇಡ್ತಾರನ್ರಿ ದಿನಾ?"

"ಕುರ್ಚಿ ಇವತ್ತ ಬಂದೈತಿ. ನಾವು ಒಮ್ಮಿಗೆ ಐದು ಮಂದಿ ಬರ್ತೇವಿ, ಒಬ್ಬರ ಮೊಣಕಾಲು ಒಬ್ಬರ ಹೊಟ್ಟಿಗೆ ಕೊಟ್ಟು. ಇದನ್ನಿಟ್ರ ಒಬ್ಬರ. ಉಳದ ನಾಕು ಮಂದಿ ಎಲ್ಲಿ ನಿಂದರೂನು, ನಿಮ್ಮ ತೊಡಿ ಮ್ಯಾಲ?"

ಮತ್ತೆ ನಕ್ಕರು. ಅವನೂ ನಕ್ಕ, ತಡವಾಗಿ. ನಕ್ಕು ಮುಗಿದ ಮೇಲೆ ಅವರು ಬಕೆಟ್ಟಿನಿಂದ ಕುರ್ಚಿ ಎತ್ತಿ ಬದಿಗಿಟ್ಟು ಕಲ್ಲು ತುಂಬತೊಡಗಿದರು. ಯಾರಿಗೂ ಅವನಿಂದ ಏನೂ ಬೇಕಿರಲಿಲ್ಲ. ಅದೂ ಒಂದು ಅವಮಾನವೇ. ಅವನು ಬಂಡೆಗೆ ಒರಗಿ ಫೈಲು ತೆರೆದು ಹದಿನಾಲ್ಕನೇ ಕಲಮನ್ನು ಇನ್ನೊಮ್ಮೆ ಓದಿದ. ಬಾವಿಯ ತಳದಲ್ಲಿ ಓದಿದಾಗ ಅದು ಬೇರೆಯೇ ಇತ್ತು. ಯಾವ ಶಬ್ದವೂ ಸುಳ್ಳಾಗಿರಲಿಲ್ಲ, ಯಾವುದರ ಮೇಲೂ ಕಾಲಿಡುವಂತಿರಲಿಲ್ಲ. ಸೂಕ್ತ ಎಂಬ ಕಳ್ಳನ ಕಿಸೆಯನ್ನು ಹರಿದು, ಅದರ ಜಾಗದಲ್ಲಿ ಜರಿಯಂಚಿನ ದೊಡ್ಡ ಕಿಸೆ ಹೊಲಿದಿಟ್ಟಿದ್ದ. ಬಾಪುಗೌಡ ಸಲೀಸಾಗಿ ಕೈ ಹಾಕಿ ಕುರ್ಚಿ ತೆಗೆದ.

ದಾರಿ ಒಂದೇ ಇತ್ತು, ಅದು ಅವನಿಗೆ ದಂಡೆಯ ಮೇಲೆ ಇದ್ದಾಗಲೇ ಗೊತ್ತಿತ್ತು. ಗುತ್ತಿಗೆದಾರನದು ತಪ್ಪಲ್ಲ, ಕಲಮೇ ಸರಿಯಾಗಿಲ್ಲ, ಅದನ್ನು ಬರೆದವನಿಗೆ ಬರೆಯಲು ಬಂದಿಲ್ಲ ಎಂದು ತಾನೇ ಬರೆದುಕೊಟ್ಟು, ಹೊಸ ಕಲಮು ಹಾಕುವುದು. ಬೇರೆ ಯಾರಾದರೂ ಆಗಿದ್ದರೆ ಅರ್ಧ ಹಾಳೆಯ ಕೆಲಸ. ಆಫೀಸಿನಲ್ಲಿ ಇನ್ನೊಬ್ಬ ಇಂಜಿನಿಯರ್ ಕಾಲುವೆಯ ಮಟ್ಟವನ್ನೇ ತಿರುವುಮುರುವು ಬರೆದಾಗ ಅದು ಟೈಪಿಸ್ಟನ ತಪ್ಪಾಗಿತ್ತು. ಇವನು ತಪ್ಪಿದರೆ ಅದು ಇವನ ಕೇರಿಯ ತಪ್ಪು, ಇವನಪ್ಪನ ತಪ್ಪು, ಮನೆಯಲ್ಲಿ ತೂಗುಹಾಕಿದ ಬುದ್ಧನ ಪಟದ ತಪ್ಪು, ಕಾಲೇಜಿನಲ್ಲಿ ಇವನಿಗೆ ಸೀಟು ಕೊಟ್ಟ ಕಾನೂನಿನ ತಪ್ಪು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶ್ರೀಶೈಲಪ್ಪನವರು ಚಹಾ ತರಿಸುತ್ತಾರೆ. "ಇರಲಿ ಬಿಡ್ರಿ, ಕಲೀತೀರಿ," ಎನ್ನುತ್ತಾರೆ, ಆ ಮೆತ್ತನೆಯ ದನಿಯಲ್ಲಿ, ಹತ್ತು ವರ್ಷ ನೌಕರಿ ಮಾಡಿದವನಿಗೆ. ಆ ದನಿ ಕೇಳಬಾರದೆಂದೇ ಅವನು ಇಷ್ಟು ವರ್ಷ ಪ್ರತಿ ಕಾಗದವನ್ನು ಮೂರು ಸಲ ಓದಿ ಸಹಿ ಮಾಡಿದ್ದು. ಆ ದನಿಗಾಗಿ ಅವರೆಲ್ಲ ಇಷ್ಟು ವರ್ಷ ತಾಳ್ಮೆಯಿಂದ ಕಾದಿದ್ದರು. ಈಗ ತಾನೇ, ತನ್ನ ಕೈಯಾರೆ, ಮೊಹರು ಹಾಕಿ ಕೊಡಬೇಕು. ಕೊಡದಿದ್ದರೆ? ಸಹಿ ಹಾಕಿದರೆ ನಾಳೆಯಿಂದ ಮೂರು ಪಾಳಿ, ಹಗಲೂ ರಾತ್ರಿ, ಜಾರುವ ಬ್ರೇಕಿನ ಕೆಳಗೆ. ಕುರ್ಚಿ ಸಂಜೆಯೊಳಗೆ ಶಾಮಿಯಾನಕ್ಕೆ ವಾಪಸು ಹೋಗುತ್ತದೆ.

ಇಲ್ಲಿಯೂ ಒಂದು ಸಂಗತಿ ಅವನಿಗೆ ತನ್ನ ಕುರಿತು ಹೇಸಿಗೆ ತರಿಸಿತು. ಹಾಗೆ ಬರೆದುಕೊಟ್ಟರೆ ಬಳಗದಲ್ಲಿ ಅದನ್ನು ಹೇಗೆ ಹೇಳಬಹುದು, ಯಾವ ಸಾಲಿನಿಂದ ಶುರು ಮಾಡಿದರೆ ಮಲ್ಲಣ್ಣ ಮಾಸ್ತರರು ಕಣ್ಣುಮುಚ್ಚುತ್ತಾರೆ ಎಂದು ತಲೆಯ ಒಂದು ಮೂಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಸಾಯುವ ಹೊತ್ತಿನಲ್ಲೂ ಈ ಮೂಲೆ ಚಪ್ಪಾಳೆಗೆ ಕಿವಿಗೊಟ್ಟಿರುತ್ತದೆ.

ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಫೈಲಿನ ಬೆನ್ನ ಮೇಲೆ ಹಾಳೆ ಇಟ್ಟು ಬರೆದ. ಶತಮಾನಗಳಿಂದ ಎಂದು ಬಂತು, ಹೊಡೆದುಹಾಕಿದ. ಶ್ರಮಜೀವಿಗಳ ಬೆವರಿನ ಎಂದು ಬಂತು, ಹೊಡೆದುಹಾಕಿದ. ಬೆರಳು ಹಳಿ ತಪ್ಪದೆ ಓಡುವುದು ಆ ಜಾಡಿನಲ್ಲಿ ಮಾತ್ರ. ಕೊನೆಗೆ ಹಾಳೆಯ ಅರ್ಧ ಗೀಚಿಹೋದ ಮೇಲೆ ಬರೆದ.

"ಏನ್ ಬರದ್ರಿ?" ಚನ್ನವ್ವ ಕಲ್ಲಿನ ಬುಟ್ಟಿ ಸುರುವಿ ಬಂದು ನಿಂತಿದ್ದಳು. "ಓದ್ರಿ, ನಮಗೂ ತಿಳೀಲಿ."

ಓದಿದ. ಮಾಳಿಗೆಯ ಮೇಲೆ ಓದಿದ ದನಿಯಲ್ಲಲ್ಲ, ಪಂಪಿನ ಸದ್ದಿಗೆ ಮೇಲಾಗುವ ಹಾಗೆ ಒದರಿ: "ಹದಿನಾಲ್ಕನೇ ಕಲಮು ಸ್ಪಷ್ಟವಾಗಿಲ್ಲ. ಬರೆದವನು ನಾನು, ತಪ್ಪು ನನ್ನದು. ಅದನ್ನು ತೆಗೆದುಹಾಕಿದೆ. ಅದರ ಬದಲು: ಕಲ್ಲು ಎತ್ತುವ ಬಕೆಟ್ಟಿನಲ್ಲಿ ಯಾರನ್ನೂ ಇಳಿಸಬಾರದು, ಎತ್ತಬಾರದು. ಜನರಿಗೆ ಬೇರೆ ಪಂಜರ, ಅದಕ್ಕೆ ಬೇರೆ ಹಗ್ಗ, ಬೇರೆ ಬ್ರೇಕು ಇರಬೇಕು. ಅದು ಬರುವತನಕ ಗೋಡೆಗೆ ಗಟ್ಟಿಮುಟ್ಟಾದ ಏಣಿ ಹಾಕಬೇಕು."

"ಇಷ್ಟ ಮಾತಿಗೆ ಅಷ್ಟೊತ್ತು ಬೇಕಾತು?"

"ಬೇಕಾತ್ರಿ."

ಅವಳು ಹಾಳೆಯನ್ನು ತೆಗೆದುಕೊಂಡು, ತುಂಬಿದ ಕಲ್ಲಿನ ಮೇಲೆ ಕುರ್ಚಿ ಮಗುಚಿಟ್ಟು, ಅದರಡಿ ಹಾಳೆ ಸಿಗಿಸಿ, ಮೇಲಿನವರಿಗೆ ಸನ್ನೆ ಕೊಡುವ ಹಗ್ಗವನ್ನು ಎರಡು ಸಲ ಜಗ್ಗಿದಳು. ಬಕೆಟ್ಟು ಮೇಲೆ ಹೋಯಿತು.  ಆಮೇಲೆ ಬಾವಿಯ ಅಂಚಿನಲ್ಲಿ ಬಾಪುಗೌಡನ ತಲೆ ಕಂಡಿತು, ಹುಳದಷ್ಟು.

"ಸಾಹೇಬ್ರ, ಓದಿದೆ. ಭಾಳ ಚಲೋ ಬರದೀರಿ. ಎಲ್ಲಾ ತಿಳೀತು." ಮಾತು ಗೋಡೆಯಿಂದ ಗೋಡೆಗೆ ಬಡಿದು ಇಳಿಯಿತು. "ಒಂದ ಕೇಳೂದೈತಿ. ಇದು ಈಗಿಂದ ಲಾಗೂನೋ, ನಾಳಿಯಿಂದೋ? ಖಾಲಿ ಬಕೆಟ್ಟು ಕೆಳಗ ಬಿಡಸ್ಲಿ ಅಂದ್ರ, ನಾಳಿಯಿಂದ ಅಂತ ಬರಕೋತೇನಿ. ತಾವು ಆರಾಮ ಮ್ಯಾಲ ಬರ್ರಿ, ಕುಂತು ಚಹಾ ಕುಡದು ಮಾತಾಡೂನು."

ಎಷ್ಟು ಚೆಂದದ ಪ್ರಶ್ನೆ. ಮಲ್ಲಣ್ಣ ಮಾಸ್ತರರಿಗೂ ಹೊಳೆದಿರಲಿಲ್ಲ. ನಾಳೆಯಿಂದ ಎಂದರೆ ಸಾಕು, ನಾಳೆ ಆ ಹಾಳೆಗೆ ಏನಾದರೂ ಆಗಬಹುದು; ಇವತ್ತು ಸಾಹೇಬರಿಗೇ ನಡೆದ ಬಕೆಟ್ಟು ನಾಳೆ ಚನ್ನವ್ವನಿಗೆ ಹೇಗೆ ನಡೆಯುವುದಿಲ್ಲ ಎಂದು ಶ್ರೀಶೈ‌ಲಪ್ಪನವರ ಮೇಜಿನ ಎದುರು ಇದೇ ನ್ಯಾಯವಾದ ದನಿ ಕೇಳಬಹುದು. ಅನಿಲಕುಮಾರ ಸುತ್ತ ನೋಡಿದ. ಯಾರೂ ಅವನನ್ನು ಒತ್ತಾಯಿಸುವ ಮುಖ ಮಾಡಿರಲಿಲ್ಲ. ಸಂಜೆ ಮನೆಗೆ ಹೋಗಬೇಕಾದವರ ಮುಖ, ಅಷ್ಟೇ. ಇವನು ಈಗಿಂದ ಎಂದರೆ ಅವರೂ ಇಲ್ಲೇ. ನ್ಯಾಯ ಮಾಡುವಾಗಲೂ ತನ್ನ ಜೊತೆ ಹತ್ತು ಮಂದಿಯನ್ನು ಗುಂಡಿಯಲ್ಲಿ ಕೂಡಿಹಾಕಿಯೇ ಮಾಡುವ ತನ್ನ ಭಾಗ್ಯವನ್ನು ನೆನೆದು, ತಲೆ ಮೇಲೆತ್ತಿದ. ಎಲ್ಲರಿಗೂ ಕೇಳಿಸುವ ಹಾಗೆ ಒದರಿದ:

"ಈಗಿಂದ."

"ಹಂಗಾದ್ರ ತಾವು ಹೆಂಗ ಬರ್ತೀರಿ?"

"ಏಣಿ ತರಸ್ರಿ."

ಬಾಪುಗೌಡನ ತಲೆ ಮಾಯವಾಯಿತು. ಮೇಲೆ ಏನೇನೋ ಮಾತಾಯಿತು. ಅಬ್ದುಲರಜಾಕನ ದನಿ ಒಮ್ಮೆ, "ಬರದು ಕೊಟ್ಟಾರ್ರೀ ಗೌಡ್ರ, ನಾ ಎತ್ತಂಗಿಲ್ಲ," ಎಂದದ್ದು ಕೇಳಿಸಿತು. ಆಮೇಲೆ ಕ್ರೇನಿನ ಎಂಜಿನ್ನು ನಿಂತಿತು. ಬೆಳಗಿನಿಂದ ತಲೆಯೊಳಗೆ ಕೊರೆಯುತ್ತಿದ್ದ ಸದ್ದು ಒಮ್ಮೆಲೇ ಇಲ್ಲವಾಗಿ, ಪಂಪಿನ ಗೊಗ್ಗರು ದನಿ, ಗೋಡೆಯಿಂದ ನೀರು ತೊಟ್ಟಿಕ್ಕುವುದು, ಯಾರದೋ ಕೆಮ್ಮು ಬೇರೆ ಬೇರೆಯಾಗಿ ಕೇಳತೊಡಗಿದವು. ತಾನು ಬರೆದ ವಾಕ್ಯವೊಂದನ್ನು ಜಗತ್ತು ಪಾಲಿಸಿದ್ದು ಇದೇ ಮೊದಲು. ಅದು ಮೊದಲು ಹಿಡಿದದ್ದು ಬರೆದವನನ್ನೇ.

"ಅಂದ್ರ ಏಣಿ ಬರೂ ಮಟ ನಾವು ಇಲ್ಲೇ?" ಎಂದಳು ಚನ್ನವ್ವ.

"ಹೌದ್ರಿ."

"ಮೊದಲ ನಮ್ಮನ್ನೆಲ್ಲಾ ಮ್ಯಾಲ ಕಳಿಸಿ, ಆಮ್ಯಾಲ ಬರೀಬಾರದಿತ್ತ?"

  ಹೊಳೆದಿರಲಿಲ್ಲ, ಎಂದ ಅನಿಲಕುಮಾರ. ಅವಳು "ಬರದವರು ನೀವು. ಕುಂದರ್ರಿ ಮತ್ತ," ಎಂದು ಒಣಗಿದ ಬಂಡೆಯೊಂದನ್ನು ತೋರಿಸಿ, ತಾನೂ ಅದರ ಇನ್ನೊಂದು ತುದಿಗೆ ಕೂತಳು.

ನೆರಳು ಗೋಡೆಯ ಅರ್ಧಕ್ಕೆ ಏರಿದಾಗ ಮೇಲಿಂದ ಅಬ್ದುಲರಜಾಕ ಕೂಗಿದ. ಮುದ್ದೇಬಿಹಾಳದ ಗೋದಾಮಿಗೆ ಟ್ರ್ಯಾಕ್ಟರ್ ಹೊಂಟೈತಿ, ಏಣಿಯ ತುಂಡುಗಳು ಅಲ್ಲೇ ಅದಾವ, ಜೋಡಿಸಬೇಕು. "ಗಟ್ಟಿಮುಟ್ಟಾದ ಏಣಿ ಅಂತ ಬರದೀರಿ ಸಾಹೇಬ್ರ. ಗೌಡ್ರು ಬಣ್ಣ ಹಚ್ಚೂ ಮಂದಿ ಏಣಿ ನಡೀತೈತಿ, ಅದೂ ಗಟ್ಟಿಮುಟ್ಟ ಐತಿ ಅಂತಾರ. ನಡೀತೈತನ್ರಿ?"

ಅನಿಲಕುಮಾರ ಎದ್ದು ನಿಂತ. ಗೋಡೆಯನ್ನು ಕೆಳಗಿನಿಂದ ಮೇಲಿನತನಕ ನೋಡಿದ. ಗಟ್ಟಿಮುಟ್ಟ, ಆ ಮಾತಿನ ತುದಿಗೆ ನೇತಾಡಬೇಕಾದ ಮೈ ಈ ಸಲ ತನ್ನದು, ಮತ್ತು ತನ್ನ ಹಿಂದೆ ಹತ್ತು ಮಂದಿಯದು. ಅಂಗೈಗಳನ್ನು ಬಾಯಿಗೆ ದುಂಡಗೆ ಹಿಡಿದು ಒದರತೊಡಗಿದ. "ನಡಿಯಂಗಿಲ್ಲ. ಕಬ್ಬಿಣದ ಪೈಪಿಂದು. ಮೆಟ್ಟಲಕ್ಕ ಇಪ್ಪತ್ತು ಎಂ.ಎಂ. ಸರಳು, ಎರಡೂ ಕಡೆ ವೆಲ್ಡಿಂಗು. ಮೆಟ್ಟಲದಿಂದ ಮೆಟ್ಟಲಕ್ಕ ಒಂದು ಅಡಿ."

"ಸೀರಿ ಉಟ್ಟಾಕಿ ಹತ್ತೂದೈತಿ," ಎಂದಳು ಚನ್ನವ್ವ ಕೂತಲ್ಲಿಂದಲೇ.

"ಒಂದು ಅಡಿ ಬ್ಯಾಡ. ಒಂಬತ್ತು ಇಂಚು. ಹತ್ತು ಹತ್ತು ಅಡಿಗೆ ಬಂಡಿಗಲ್ಲಿನೊಳಗ ಗೂಟ ಹೊಡದು ಬೋಲ್ಟು ಬಿಗೀಬೇಕು. ನಡುವ ನಿಂತು ದಮ್ಮು ತಗೊಳ್ಳಾಕ ಒಂದು ಹಲಗಿ. ಬೆನ್ನ ಹಿಂದ ಬಳೆಯಂಗ ದುಂಡಗ ಬಗ್ಗಿಸಿದ ಸರಳು, ಕೈ ತಪ್ಪಿದ್ರ ತಡೀಬೇಕು."

ಬಾವಿ ಎಲ್ಲವನ್ನೂ ಗಿರಗಿರ ತಿರುಗಿಸಿ ಮೇಲೆ ಒಯ್ದಿತು.  ಕೇಳಿಸಿತೋ ಇಲ್ಲವೋ ಎಂದು ಅವನು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತ. ಆಕಾಶದ ಅಂಚಿನಲ್ಲಿ ಬಿಳಿ ಗಡ್ಡ ಬಾಗಿತು.

"ಇನ್ನೊಮ್ಮಿ ಹೇಳ್ರಿ ಸಾಹೇಬ್ರ. ಸಾವಕಾಶ ಹೇಳ್ರಿ. ಬರಕೊಳ್ಳಾಕತ್ತೇನಿ."